ನಸುಗುನ್ನಿಯ ರೋಮ, ಬ್ಯಾಡಗಿಯ ಖಾರ

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಬಣ್ಣದಿಂದ. ಖಾರದಲ್ಲಿ ಅದು ಗುಂಟೂರಿನ ಕಾಯಿಗೆ ಸಾಟಿಯಲ್ಲ, ಖರೀದಿದಾರರೂ ಅದನ್ನು ಕೇಳಿಕೊಂಡು ಬರುವುದಿಲ್ಲ. ಅದರ ಎರಡು ಬಗೆಗಳಲ್ಲಿ ಕಡ್ಡಿ ಕಾಯಿ ಎಷ್ಟು ಸುಕ್ಕುಗಟ್ಟಿದೆ, ಡಬ್ಬಿ ಕಾಯಿಯ ಕೆಂಪು ಎಷ್ಟು ಗಾಢ ಎಂಬುದನ್ನು ನೋಡಿ ಟೆಂಡರ್ ಬರೆಯುತ್ತಾರೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯ ಬಣ್ಣ ಓಲಿಯೋರೆಸಿನ್ ಆಗಿ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ. ಆದರೆ ಇಲ್ಲಿ ಹೇಳಹೊರಟಿರುವುದು ಆ ಕಾಯಲ್ಲಿ ಕಡಿಮೆಯಿರುವ ವಸ್ತುವಿನ ಕಥೆ, ಖಾರದ ಕಥೆ. ಮನುಷ್ಯನಿಗೆ ಯಾಕೆ ತುರಿಸುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಯಾಕೆ ತುರಿಸುತ್ತಲೇ ಇರುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿದ ವಿಜ್ಞಾನಿಗಳಿಗೆ ದಾರಿ ತೋರಿದವು ಎರಡು ಗಿಡಗಳು. ಒಂದು ಮೆಣಸಿನಗಿಡ. ಇನ್ನೊಂದು, ಮಳೆಗಾಲ ಬಂತೆಂದರೆ ನಮ್ಮ ಹೊಲದ ಬೇಲಿಗೆ ಹಬ್ಬುವ ನಸುಗುನ್ನಿ ಬಳ್ಳಿ.

ಬ್ಯಾಡಗಿಯಲ್ಲಿ ಟೆಂಡರ್ ಮುಗಿದು ಚೀಲಗಳು ಅಂಗಡಿ ಸೇರಿದ ಮೇಲೆ ಹೆಂಗಸರ ಕೆಲಸ. ರಾಶಿಯ ಸುತ್ತ ಕೂತು ತುಂಬು ಬಿಡಿಸುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈಯ ಎರಡು ಬೆರಳ ನಡುವೆ ತೊಟ್ಟು, ಒಂದು ತಿರುವು, ಮುಂದಿನ ಕಾಯಿ. ತಲೆಗೆ ಸೆರಗು, ಮೂಗಿಗೆ ಬಟ್ಟೆ. ತೊಟ್ಟಿನ ಜೊತೆ ಕೆಲವೊಮ್ಮೆ ಒಳಗಿನ ಬಿಳಿ ನಾರೂ ಕಿತ್ತು ಬರುತ್ತದೆ. ಖಾರ ಹುಟ್ಟುವುದು ಆ ನಾರಿನಲ್ಲಿ, ಬೀಜದಲ್ಲಲ್ಲ. ಸಂಜೆಯ ಹೊತ್ತಿಗೆ ಬೆರಳು ಉರಿಯತೊಡಗುತ್ತವೆ. ಅದೇ ಕೈ ಕುತ್ತಿಗೆಗೋ ಕಿವಿಯ ಹಿಂದಕ್ಕೋ ತಾಗಿದರೆ ಇತ್ತ ಉರಿಯೂ ಅಲ್ಲದ, ಅತ್ತ ತುರಿಕೆಯೂ ಅಲ್ಲದ ಒಂದು ಕಾಟ. ಹೊಸದಾಗಿ ಬಂದವಳು ನೀರಿನ ಕೊಡಕ್ಕೆ ಕೈ ಹಾಕಲು ಹೋದರೆ ಪಕ್ಕದವಳು ತಡೆಯುತ್ತಾಳೆ: "ನೀರಾಗ ತೊಳಿಬ್ಯಾಡವ್ವ, ಮೊದ್ಲು ಎಣ್ಣಿ ಹಚ್ಕೋ." ಅವಳ ಮಾತು ಸರಿ. ಖಾರದ ಸತ್ವವಾದ ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ರಾಣೆಬೆನ್ನೂರಿನ ಸುತ್ತಿನ ಹಳ್ಳಿಗಳಲ್ಲಿ ಕಂಪನಿಗಳಿಗಾಗಿ ಮೆಣಸಿನ ಬೀಜ ಬೆಳೆದು, ಹಣ್ಣು ಸೀಳಿ ಬೀಜ ತೆಗೆಯುವವರ ಕೈಗೂ ಇದೇ ಪಾಡು. 1981ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಚೀನೀ ಅಡುಗೆಗೆ ಮೆಣಸಿನಕಾಯಿ ಹೆಚ್ಚಿದವರ ಕೈಯುರಿಯನ್ನು 'ಹುನಾನ್ ಹ್ಯಾಂಡ್' ಎಂದು ಹೆಸರಿಟ್ಟು ವರದಿ ಮಾಡಿತು. ಬ್ಯಾಡಗಿಯವರು ನಾಮಕರಣದ ಗೋಜಿಗೆ ಹೋಗಿರಲಿಲ್ಲ.

ಮೆಣಸಿನಕಾಯಿ ಈ ನೆಲದ್ದಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಪಡುವಣ ಕರಾವಳಿಗೆ ಬಂದು, ಘಟ್ಟ ಹತ್ತಿ, ಕರಿಮೆಣಸಿನ ಹೆಸರನ್ನೇ ತನ್ನದಾಗಿಸಿಕೊಂಡು ಧಾರವಾಡ ಸೀಮೆಯ ಕರಿನೆಲದಲ್ಲಿ ನೆಲೆಯೂರಿತು. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಕೀರ್ತನೆಯೇ ಪ್ರಚಲಿತವಾಗಿದೆ. ಅದೇ ಕಾಲಕ್ಕೆ ಯುರೋಪಿಗೂ ಹೋದ ಗಿಡ ಹಂಗೇರಿಯಲ್ಲಿ ಪಾಪ್ರಿಕಾ ಆಯಿತು. ಅಲ್ಲಿನ ಸೆಗೆಡ್ ಪಟ್ಟಣಕ್ಕೂ ಬ್ಯಾಡಗಿಗೂ ಇರುವ ಹೋಲಿಕೆ ಸಣ್ಣದಲ್ಲ. ಅಲ್ಲಿಯೂ ವ್ಯಾಪಾರ ನಿಂತದ್ದು ಕೆಂಪಿನ ಮೇಲೆ. 1859ರಲ್ಲಿ ಸೆಗೆಡ್‌ನ ಪಾಲ್ಫಿ ಸಹೋದರರು ಕಾಯಿ ಸೀಳಿ ಒಳಗಿನ ನಾರು ತೆಗೆದು, ಖಾರ ಇಳಿಸಿ, ಬಣ್ಣ ಉಳಿಸುವ ವಿಧಾನ ರೂಢಿಗೆ ತಂದರು. ಸೀಳುವ ಕೆಲಸ ಅಲ್ಲಿಯೂ ಹೆಂಗಸರ ಪಾಲಿಗೇ ಬಂತು. ಪಾಪ್ರಿಕಾದಿಂದ ಸಿ ಜೀವಸತ್ವವನ್ನು ಹೇರಳವಾಗಿ ತೆಗೆದ ಆಲ್ಬರ್ಟ್ ಸೆಂಟ್ ಜ್ಯೋರ್ಜಿ ಇದೇ ಸೆಗೆಡ್ ವಿಶ್ವವಿದ್ಯಾಲಯದವರು, 1937ರ ನೊಬೆಲ್ ಪುರಸ್ಕೃತರು. ಕಣ್ಣೆದುರೇ ರಾಶಿ ಬಿದ್ದಿರುವಾಗ ವಿಜ್ಞಾನಿಗೆ ಅದರ ಬಗ್ಗೆ ಕುತೂಹಲ ಹುಟ್ಟದೆ ಇರುತ್ತದೆಯೇ?

ಈ ಕುತೂಹಲಕ್ಕೆ ಬರುವ ಮೊದಲು, ತುರಿಕೆಯ ಬಗ್ಗೆ ಲೋಕ ಏನು ನಂಬಿತ್ತು ಎಂಬುದನ್ನು ನೋಡಬೇಕು. ಕೆರೆದುಕೊಳ್ಳಬೇಕೆಂಬ ಆಸೆ ಹುಟ್ಟಿಸುವ ಅಹಿತವೇ ತುರಿಕೆ ಎಂದು ಜರ್ಮನ್ ವೈದ್ಯ ಸ್ಯಾಮುಯೆಲ್ ಹಾಫೆನ್‌ರೆಫರ್ 1660ರಲ್ಲಿ ಬರೆದ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಸಿಗದೆ ಚರ್ಮವೈದ್ಯರು ಇಂದಿಗೂ ಅದನ್ನೇ ಹೇಳುತ್ತಾರೆ. ಆದರೆ ಅದು ಎಲ್ಲಿ ಹುಟ್ಟುತ್ತದೆ? ಯುರೋಪಿನವರು ದೇಹದ ರಸಗಳು ಕೆಟ್ಟಿವೆ ಎಂದರು. ನಮ್ಮ ಆಯುರ್ವೇದ ಕಂಡೂ ಎಂದು ಕರೆದು ಕಫಕ್ಕೂ ದುಷ್ಟರಕ್ತಕ್ಕೂ ಗಂಟುಹಾಕಿತು. ಮನೆಯಲ್ಲಿ ಅಜ್ಜಿಯರು ರಕ್ತ ಕೆಟ್ಟದೆ ಎಂದು ಬೇವಿನ ಕಷಾಯ ಕುಡಿಸಿದರು. 1687ರಲ್ಲಿ ಇಟಲಿಯ ಬೊನೋಮೋ ಸೂಕ್ಷ್ಮದರ್ಶಕದಲ್ಲಿ ಕಜ್ಜಿಯ ಹುಳ ತೋರಿಸಿದ ಮೇಲೆ ಎಲ್ಲರ ಕಣ್ಣು ಚರ್ಮದ ಮೇಲೆ ನೆಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಸಿಕ್ಕಿತು. ಸೊಳ್ಳೆ ಕಚ್ಚಿದಾಗ, ಪಿತ್ತದ ಗಂದೆ ಎದ್ದಾಗ ಚರ್ಮದ ಜೀವಕೋಶಗಳು ಸುರಿಸುವ ವಸ್ತು ಅದು. ಅದನ್ನು ತಡೆಯುವ ಗುಳಿಗೆಗಳು 1940ರ ದಶಕದಲ್ಲಿ ಬಂದವು. ಅಲ್ಲಿಂದ ಮುಂದೆ ಮೈ ಕಡಿತ ಎಂದವರಿಗೆಲ್ಲ ಅವಿಲ್. ಗಂದೆಗೆ ಅದು ನಿಜವಾಗಿ ಕೆಲಸ ಮಾಡುತ್ತದೆ. ಉಳಿದ ಎಷ್ಟೋ ತುರಿಕೆಗೆ ಅದು ಕೊಡುವುದು ನಿದ್ದೆ ಮಾತ್ರ. ಎಚ್ಚರಾದರೆ ಮತ್ತೆ ಕೆರೆತ. ಗುಳಿಗೆಗೆ ಬಗ್ಗದ ರೋಗಿಗೆ 'ಎಲ್ಲ ನಿಮ್ಮ ಮನಸ್ಸಿನದು' ಎಂದು ಹೇಳಿ ಕಳಿಸುವ ಪದ್ಧತಿಗೆ ಈ ಹಿಸ್ಟಮಿನ್ ಮೋಹವೂ ಕಾರಣ ಎಂದು ನನಗನ್ನಿಸುತ್ತದೆ.

ನರದ ಸುಳಿವು ಇರಲಿಲ್ಲವೆಂದಲ್ಲ. ನಮ್ಮ ಹಳ್ಳಿಗಳ ಗೋಡೆಗಳ ಮೇಲೇ ಅದು ಬರೆದಿತ್ತು. ಕುಷ್ಠರೋಗ ನಿಯಂತ್ರಣದ ಕಾರ್ಯಕರ್ತರು ಮನೆಮನೆಗೆ ಹೋಗಿ ಹೇಳುತ್ತಿದ್ದುದು ಒಂದೇ ಮಾತು: ಮೈಮೇಲೆ ತಿಳಿಬಣ್ಣದ ಮಚ್ಚೆಯಿದ್ದು, ಅದು ತುರಿಸದಿದ್ದರೆ, ಮುಟ್ಟಿದರೂ ಗೊತ್ತಾಗದಿದ್ದರೆ ತೋರಿಸಿಕೊಳ್ಳಿ. ಹುಳುಕಡ್ಡಿಯ ಮಚ್ಚೆ ಕಡಿಯುತ್ತದೆ, ಕುಷ್ಠದ ಮಚ್ಚೆ ಕಡಿಯುವುದಿಲ್ಲ. ಚರ್ಮ ಎರಡರಲ್ಲೂ ಕೆಟ್ಟಿದೆ. ಎರಡನೆಯದರಲ್ಲಿ ನರ ಸತ್ತಿದೆ, ಅದಕ್ಕೇ ತುರಿಕೆಯೂ ಸತ್ತಿದೆ. ರಕ್ತದ್ದಾಗಲಿ ಚರ್ಮದ್ದಾಗಲಿ ದೋಷವೊಂದೇ ಸಾಕಾಗಿದ್ದರೆ ಹೀಗಾಗುತ್ತಿರಲಿಲ್ಲ. ಜರ್ಮನಿಯ ಮ್ಯಾಕ್ಸ್ ಫಾನ್ ಫ್ರೈ 1922ರಲ್ಲಿ ಇದಕ್ಕೊಂದು ಸಿದ್ಧಾಂತ ಕೊಟ್ಟ. ನೋವಿನ ನರವೇ ಮೆಲ್ಲಗೆ ಮಿಡಿದರೆ ತುರಿಕೆ, ಜೋರಾಗಿ ಮಿಡಿದರೆ ನೋವು. ಬೆನ್ನುಹುರಿಯಲ್ಲಿ ನೋವಿನ ಹಾದಿಯನ್ನು ಶಸ್ತ್ರಚಿಕಿತ್ಸೆಯಿಂದ ಕತ್ತರಿಸಿದಾಗ ತುರಿಕೆಯೂ ಹೋಗುತ್ತಿದ್ದುದರಿಂದ ಎಲ್ಲರೂ ಒಪ್ಪಿದರು. ಹಾಗಾದರೆ ಇಡೀ ದೇಹದಲ್ಲಿ ತುರಿಕೆಗೆಂದೇ ಒಂದು ಎಳೆ ನರವೂ ಇಲ್ಲ ಎಂದಾಯಿತು. ಈ ತೀರ್ಮಾನ 75 ವರ್ಷ ಆಳಿತು.

ಅದನ್ನು ಮೊದಲು ಕುಟುಕಿದ್ದು ನಸುಗುನ್ನಿ. ಬ್ಯಾಡಗಿ ಇರುವ ಹಾವೇರಿ ಸೀಮೆಯಲ್ಲಿ ಅದನ್ನು ಅರಿಯದವರು ಯಾರು? ಚಳಿಗಾಲಕ್ಕೆ ಬಲಿತು ಬಾಗಿದ ಕಾಯಿ, ಮೈಮೇಲೆ ಹೊಂಬಣ್ಣದ ಮಕಮಲ್ಲು. ಮುಟ್ಟಿದರೆ ಸಾವಿರ ರೋಮ ಬೆರಳಿಗೆ ನಾಟಿ, ಉಜ್ಜಿದಷ್ಟೂ ಹರಡಿ, ಸೆಗಣಿ ಬಳಿದುಕೊಂಡು ಕೂತರೂ ಅರ್ಧ ದಿನ ಬಿಡದ ಕಡಿತ. ಶಾಲೆಯ ಬೆಂಚಿಗೆ, ಬೀಗರ ಹಾಸಿಗೆಗೆ ಅದರ ಪುಡಿ ಉದುರಿಸಿದ ಪೋಲಿಗಳ ಕಥೆ ಪ್ರತಿ ಊರಲ್ಲೂ ಒಂದಿರುತ್ತದೆ. ಸಂಸ್ಕೃತದ ವೈದ್ಯರು ಇದನ್ನು ಕಪಿಕಚ್ಛು ಎಂದು ಕರೆದು ಬೀಜವನ್ನು ವಾತಕ್ಕೆ ಬಳಸಿದರು. ಯುರೋಪಿನವರು ರೋಮವನ್ನೇ ಕಾಕಂಬಿಯಲ್ಲಿ ಕಲಸಿ ಹೊಟ್ಟೆಹುಳಕ್ಕೆ ನುಂಗಿಸಿದರು. 1784ರಲ್ಲಿ ವಿಲಿಯಂ ಚೇಂಬರ್ಲೇನ್ ಎಂಬ ವೈದ್ಯ ಲಂಡನ್ನಿನಲ್ಲಿ ಇದರ ಗುಣಗಾನಕ್ಕೇ ಒಂದು ಪುಸ್ತಕ ಬರೆದ. ಹುಳಗಳು ಸಾಯುತ್ತಿದ್ದವೋ ತುರಿಸಿಕೊಂಡು ಹೊರಬೀಳುತ್ತಿದ್ದವೋ ದೇವರೇ ಬಲ್ಲ. ಬೀಜದ ಕಥೆಯೂ ಸಾಮಾನ್ಯದ್ದಲ್ಲ. ಪಾರ್ಕಿನ್ಸನ್ ರೋಗದ ಮುಖ್ಯ ಔಷಧವಾಗಲಿದ್ದ ಎಲ್-ಡೋಪಾವನ್ನು 1937ರಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಸಂಶೋಧಕರು ನಸುಗುನ್ನಿ ಬೀಜದಿಂದಲೇ ಪ್ರತ್ಯೇಕಿಸಿದರು. ಹೊರಗಿನ ರೋಮ ನರವನ್ನು ಕೆರಳಿಸುವ, ಒಳಗಿನ ಬೀಜ ನರರೋಗಕ್ಕೆ ಮದ್ದಾಗುವ ಇಂಥ ಕಾಯಿ ಇನ್ನೊಂದಿಲ್ಲ.

1955ರಲ್ಲಿ ಪೆನ್ಸಿಲ್ವೇನಿಯಾದ ಚರ್ಮವೈದ್ಯ ವಾಲ್ಟರ್ ಶೆಲಿ ಮತ್ತು ರಾಬರ್ಟ್ ಆರ್ಥರ್ ಈ ರೋಮವನ್ನು ಪ್ರಯೋಗಶಾಲೆಗೆ ತಂದರು. ಒಂದೇ ಒಂದು ರೋಮವನ್ನು ಚರ್ಮಕ್ಕೆ ನಾಟಿದರೂ ತುರಿಕೆ ಏಳುತ್ತಿತ್ತು. ಅದನ್ನು ಚೆನ್ನಾಗಿ ಕಾಯಿಸಿ ನಾಟಿದರೆ ಏನೂ ಇಲ್ಲ. ಅಂದರೆ ಚುಚ್ಚುವುದರಿಂದಲ್ಲ, ಬಿಸಿಗೆ ಹಾಳಾಗುವ ಯಾವುದೋ ಕಿಣ್ವದಿಂದ ತುರಿಸುತ್ತಿದೆ. ಅದಕ್ಕೆ ಮ್ಯೂಕುನೈನ್ ಎಂದು ಹೆಸರಿಟ್ಟರು. ಇನ್ನೂ ಮುಖ್ಯವಾದದ್ದೆಂದರೆ, ಹಿಸ್ಟಮಿನ್ ಎಬ್ಬಿಸುವ ಗಂದೆ, ಸುತ್ತಲಿನ ಕೆಂಪು, ಇವೆರಡೂ ಇಲ್ಲಿ ಕಾಣಲಿಲ್ಲ. ಹಿಸ್ಟಮಿನ್ ಇಲ್ಲದೆಯೂ ತುರಿಸಬಲ್ಲದು ಎಂಬುದು ಅವತ್ತೇ ಗೊತ್ತಾಯಿತು. ಗುಳಿಗೆ ಬರೆಯುವವರು ಮಾತ್ರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಿಣ್ವ ನರದ ತುದಿಯ ಯಾವ ಗ್ರಾಹಿಗಳನ್ನು ಕೆಣಕುತ್ತದೆ ಎಂದು ಬಾಸ್ಟನ್ನಿನ ಈಥನ್ ಲರ್ನರ್ ತಂಡ ತೋರಿಸುವ ಹೊತ್ತಿಗೆ 2008 ಆಗಿತ್ತು.

ಮತ್ತೆ ಸೆಗೆಡ್‌ಗೆ ಬರೋಣ. ಖಾರದ ಸತ್ವವನ್ನು 1816ರಲ್ಲಿ ಬುಕೋಲ್ಟ್ಸ್ ಎಂಬಾತ ಅಶುದ್ಧ ರೂಪದಲ್ಲಿ ಬೇರ್ಪಡಿಸಿದ್ದ. 1876ರಲ್ಲಿ ಇಂಗ್ಲೆಂಡಿನ ಥ್ರೆಷ್ ಅದನ್ನು ಹರಳಾಗಿಸಿ ಕ್ಯಾಪ್ಸೈಸಿನ್ ಎಂದು ಕರೆದ. ಎರಡು ವರ್ಷದ ನಂತರ ಹಂಗೇರಿಯ ಎಂಡ್ರೆ ಹೋಗ್ಯೆಶ್, ಪಾಪ್ರಿಕಾದ ಸತ್ವ ಮುಖ್ಯವಾಗಿ ಸಂವೇದನೆಯ ನರಗಳ ಮೇಲೆ ಕೆಲಸ ಮಾಡುತ್ತದೆ ಎಂದು ಬರೆದ. ಯಾರೂ ಗಮನಿಸಲಿಲ್ಲ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಸೆಗೆಡ್‌ನ ಮಿಕ್ಲೋಶ್ ಯಾಂಚೋ ಇಲಿ, ಗಿನಿಯಿಲಿಗಳಿಗೆ ಕ್ಯಾಪ್ಸೈಸಿನ್ ಕೊಡುತ್ತಿದ್ದಾಗ ಒಂದು ವಿಚಿತ್ರ ಕಂಡ. ಮೊದಲ ಸಲ ಕಣ್ಣಿಗೆ ಹನಿ ಬಿದ್ದಾಗ ಪ್ರಾಣಿ ಒದ್ದಾಡಿ ಕಣ್ಣೊರೆಸಿಕೊಳ್ಳುತ್ತದೆ. ಮತ್ತೆ ಮತ್ತೆ ಕೊಟ್ಟರೆ ಸುಮ್ಮನಾಗುತ್ತದೆ. ಆಮೇಲೆ ಸಾಸಿವೆ ಎಣ್ಣೆಯ ಸತ್ವ ಹಾಕಿದರೂ ಅದಕ್ಕೆ ಲೆಕ್ಕವಿಲ್ಲ. ಆದರೆ ಅದೇ ಕಣ್ಣನ್ನು ಎಳೆಯೊಂದರಿಂದ ಮುಟ್ಟಿದರೆ ರೆಪ್ಪೆ ತಟ್ಟನೆ ಮುಚ್ಚುತ್ತದೆ! ಮುಟ್ಟುವುದು ತಿಳಿಯುತ್ತದೆ, ಕೆರಳಿಕೆ ತಿಳಿಯುವುದಿಲ್ಲ. ಕ್ಯಾಪ್ಸೈಸಿನ್ ಎಲ್ಲ ನರವನ್ನೂ ಅಲ್ಲ, ಒಂದು ಜಾತಿಯ ಸಣ್ಣ ನರಗಳನ್ನಷ್ಟೇ ಮೊದಲು ಕಿರುಚಿಸಿ ಆಮೇಲೆ ಮೂಕವಾಗಿಸುತ್ತಿತ್ತು. ಬ್ಯಾಡಗಿ ಪೇಟೆಗೆ ಹೊಸದಾಗಿ ಕಾಲಿಟ್ಟವರು ಘಾಟಿಗೆ ಸೀನಿ ಸೀನಿ ಕಣ್ಣೀರಾಗುತ್ತಿದ್ದರೆ ಹಮಾಲರು ಆರಾಮಾಗಿ ಚೀಲ ಹೊರುತ್ತಿರುತ್ತಾರಲ್ಲ, ಅದಕ್ಕೂ ಇದೇ ಬಗೆಯ ವಿವರಣೆ ಹೊಂದೀತು.

ಯಾಂಚೋ ಇದನ್ನು ಪತ್ನಿ ಔರೇಲಿಯಾ ಜೊತೆ 1949ರಲ್ಲಿ ಪ್ರಕಟಿಸಿದ. 1966ರಲ್ಲಿ ತೀರಿಕೊಂಡ. ಮರುವರ್ಷ ಔರೇಲಿಯಾ ಮತ್ತು ಶಿಷ್ಯ ಸೋಲ್ಚಾನಿ ಅವನ ಹೆಸರನ್ನೂ ಸೇರಿಸಿ ಪ್ರಕಟಿಸಿದ ಲೇಖನ, ಚರ್ಮ ಕೆಂಪಾಗಿ ಊದುವುದರಲ್ಲೂ ನರದ ಕೈವಾಡವಿದೆ ಎಂದು ಸಾಬೀತುಮಾಡಿತು. ನರ ಕತ್ತರಿಸಿದ ಜಾಗದಲ್ಲಿ ಕೆರಳಿಕೆಯ ಮದ್ದು ಹಚ್ಚಿದರೂ ಊತ ಬರಲಿಲ್ಲ. ಅಂದರೆ ನರ ಸುದ್ದಿಯನ್ನು ಮೇಲಕ್ಕೆ ಒಯ್ಯುವುದಷ್ಟೇ ಅಲ್ಲ, ತುದಿಯಲ್ಲಿ ತಾನೂ ರಾಸಾಯನಿಕ ಸುರಿಸುತ್ತದೆ. 1977ರಲ್ಲಿ ಮಗ ಗಾಬೋರ್ ಯಾಂಚೋ, ಆಗ ತಾನೇ ಹುಟ್ಟಿದ ಇಲಿಮರಿಗೆ ಕ್ಯಾಪ್ಸೈಸಿನ್ ಕೊಟ್ಟರೆ ಆ ಜಾತಿಯ ನರಕೋಶಗಳು ನಾಶವೇ ಆಗುತ್ತವೆ ಎಂದು ತೋರಿಸಿದ. ಅಪ್ಪ, ಅಮ್ಮ, ಮಗ ಮೂವರೂ ಒಂದೇ ಪಟ್ಟಣದಲ್ಲಿ ಒಂದೇ ಖಾರದ ಹಿಂದೆ ಬದುಕು ಕಳೆದದ್ದು ವಿಜ್ಞಾನದ ಚರಿತ್ರೆಯಲ್ಲಿ ಅಪರೂಪ. 1980ರ ದಶಕದಲ್ಲಿ ಸೆಗೆಡ್‌ನವರೇ ಮನುಷ್ಯರ ಚರ್ಮಕ್ಕೆ ಕೆಲವು ದಿನ ಕ್ಯಾಪ್ಸೈಸಿನ್ ಸವರಿ, ಆಮೇಲೆ ಹಿಸ್ಟಮಿನ್ ಚುಚ್ಚಿದರು. ತುರಿಕೆ ಏಳಲಿಲ್ಲ. ಖಾರ ತಾಗುವ ನರ ಮಲಗಿದರೆ ತುರಿಕೆಯೂ ಮಲಗುತ್ತದೆ.

1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಯಿತು. ಎರಡು ತಿಂಗಳು ಕಳೆಯುವುದರೊಳಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇವಿಡ್ ಜೂಲಿಯಸ್ ಮತ್ತು ಮೈಕೆಲ್ ಕ್ಯಾಟರೀನಾ ಆ ಜಿಲ್ಲೆಯ ಹೆಸರುವಾಸಿ ಬೆಳೆಯ ಖಾರಕ್ಕೆ ದೇಹದಲ್ಲಿ ಕದ ತೆರೆಯುವ ಪ್ರೋಟೀನನ್ನು ಪ್ರಕಟಿಸಿದರು. ಇವೆರಡಕ್ಕೂ ಸಂಬಂಧವಿಲ್ಲ, ನೆನಪಿಡಲು ಅನುಕೂಲ, ಅಷ್ಟೆ. ಇಂದು ಟಿಆರ್‌ಪಿವಿ1 ಎಂದು ಕರೆಯುವ ಆ ಪ್ರೋಟೀನು ನರದ ಪೊರೆಯಲ್ಲಿರುವ ಒಂದು ರಂಧ್ರ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಗೆ ಅದು ತೆರೆಯುತ್ತದೆ, ಕ್ಯಾಪ್ಸೈಸಿನ್‌ಗೂ ತೆರೆಯುತ್ತದೆ. ಖಾರ ತಿಂದರೆ ಬಾಯಿ 'ಸುಡುವುದು' ಅದಕ್ಕೇ. ಹಕ್ಕಿಗಳಲ್ಲಿ ಈ ರಂಧ್ರ ಕ್ಯಾಪ್ಸೈಸಿನ್‌ಗೆ ಕ್ಯಾರೇ ಎನ್ನುವುದಿಲ್ಲ, ಗಿಳಿಗಳು ಮೆಣಸಿನ ಹೊಲಕ್ಕೆ ಧೈರ್ಯವಾಗಿ ಇಳಿಯುತ್ತವೆ. 2021ರ ನೊಬೆಲ್ ಜೂಲಿಯಸ್‌ಗೆ ಸಂದಿತು, ಸ್ಪರ್ಶದ ಗ್ರಾಹಿಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಜೊತೆ.

ಅದೇ 1997ರಲ್ಲಿ ಜರ್ಮನಿಯ ಮಾರ್ಟಿನ್ ಶ್ಮೆಲ್ಟ್ಸ್ ಮತ್ತು ಸಂಗಡಿಗರು ಎಚ್ಚರವಿದ್ದ ಸ್ವಯಂಸೇವಕರ ಕಾಲಿನ ನರಕ್ಕೆ ಕೂದಲಿನಷ್ಟು ತೆಳುವಾದ ಸೂಜಿ ಇಳಿಸಿ, ಒಂದೊಂದೇ ನರತಂತುವಿನ ಮಿಡಿತ ಆಲಿಸಿದರು. ಚರ್ಮಕ್ಕೆ ಹಿಸ್ಟಮಿನ್ ಸೇರಿಸಿದಾಗ, ತುರಿಕೆ ಎಷ್ಟು ಹೊತ್ತು ಇತ್ತೋ ಅಷ್ಟು ಹೊತ್ತು ಮಿಡಿದ ತಂತುಗಳು ಸಿಕ್ಕವು. ಅತಿ ಸಣ್ಣವು, ಬಲು ನಿಧಾನದವು. ಸುದ್ದಿ ಓಡುವ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ತುರಿಕೆಗೆ ಸ್ವಂತ ನರವಿಲ್ಲ ಎಂಬ ಫಾನ್ ಫ್ರೈ ಸಿದ್ಧಾಂತ ಅಲ್ಲಿಗೆ ಮುರಿಯಿತು. 2007ರಲ್ಲಿ ಸೇಂಟ್ ಲೂಯಿಸ್‌ನ ಝೌ-ಫೆಂಗ್ ಚೆನ್, ಬೆನ್ನುಹುರಿಯಲ್ಲಿ ಒಂದು ಗ್ರಾಹಿ ಇಲ್ಲದ ಇಲಿಗಳು ಕೆರೆದುಕೊಳ್ಳುವುದು ಕಡಿಮೆ, ನೋವು ಮಾತ್ರ ಎಂದಿನಂತೆ ತಿಳಿಯುತ್ತದೆ ಎಂದು ತೋರಿಸಿದ. ತುರಿಕೆಗೆ ಬೆನ್ನುಹುರಿಯಲ್ಲೂ ಬೇರೆ ದಾರಿಯಿತ್ತು.

ಫಾನ್ ಫ್ರೈ ಪೂರ್ತಿ ಸೋತನೇ? ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗ ನಡೆದದ್ದು 2009ರಲ್ಲಿ, ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಲಮೋಟ್ ಪ್ರಯೋಗಾಲಯದಲ್ಲಿ. ನಸುಗುನ್ನಿಯ ರೋಮಗಳನ್ನು ಕಾಯಿಸಿ ಅವುಗಳ ಸ್ವಂತ ಶಕ್ತಿ ಕೊಂದರು. ಆಮೇಲೆ ಅವನ್ನು ಕ್ಯಾಪ್ಸೈಸಿನ್‌ನಲ್ಲಿ ಅದ್ದಿ ಒಂದು ರೋಮವನ್ನು ಚರ್ಮಕ್ಕೆ ನಾಟಿದರು. ಉರಿಯಬೇಕಿದ್ದ ಖಾರ ತುರಿಸಿತು! ಜೊತೆಗೆ ತುಸು ಚುಚ್ಚಿದಂತೆ, ತುಸು ಉರಿದಂತೆ. ಅಗಲ ಜಾಗಕ್ಕೆ ಬಳಿದರೆ ಉರಿಯುವ ಅದೇ ವಸ್ತು ಒಂದು ಬಿಂದುವಿಗೆ ಇಳಿದಾಗ ತುರಿಕೆಯಾಯಿತು. ಎಷ್ಟು ನರ, ಎಲ್ಲಿ, ಯಾವ ಜೋಡಿಯಲ್ಲಿ ಮಿಡಿಯುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ತುಂಬು ಬಿಡಿಸುವವಳ ಕುತ್ತಿಗೆಯ ಆ ಹೆಸರಿಲ್ಲದ ಕಾಟಕ್ಕೆ ಇದು ಸಾಕಷ್ಟು ಹತ್ತಿರದ ವಿವರಣೆ.

ಇಷ್ಟೆಲ್ಲ ಕ್ಷಣಿಕ ತುರಿಕೆಯ ಮಾತಾಯಿತು. ಆರು ವಾರ ದಾಟಿದ್ದನ್ನು ವೈದ್ಯರು ದೀರ್ಘಕಾಲದ ತುರಿಕೆ ಎನ್ನುತ್ತಾರೆ. ಕರ್ನಾಟಕದ ಹೊಲಗಳಲ್ಲಿ ಅದರ ದೊಡ್ಡ ಅಧ್ಯಾಯ ಬರೆದದ್ದು ಕಾಂಗ್ರೆಸ್ ಗಿಡ. 1950ರ ದಶಕದ ನಡುವೆ ಪುಣೆಯಲ್ಲಿ ಗುರುತಿಗೆ ಬಂದ ಪಾರ್ಥೇನಿಯಂ ನಮ್ಮ ರಸ್ತೆ ಅಂಚುಗಳನ್ನು, ಬೀಳು ಹೊಲಗಳನ್ನು ನುಂಗುತ್ತಾ ಬಂತು. ಅದರ ಅಲರ್ಜಿ ಅಂಟಿಸಿಕೊಂಡ ರೈತನ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳು ವರ್ಷಗಟ್ಟಲೆ ಕೆರೆದು ಕೆರೆದು ದಪ್ಪಗಟ್ಟಿ ಕಪ್ಪಾಗುತ್ತವೆ. ಶುರುವಿನಲ್ಲಿ ತಪ್ಪು ರೋಗನಿರೋಧಕ ಕೋಶಗಳದ್ದು. ಆದರೆ ಎಕ್ಸಿಮಾ ಜಾತಿಯ ರೋಗಗಳಲ್ಲಿ ಆ ಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್‌ಗಳಿಗೆ ನರದ ತುದಿಯಲ್ಲೇ ಗ್ರಾಹಿಗಳಿವೆ ಎಂಬುದು ಈ ಎರಡು ದಶಕಗಳಲ್ಲಿ ಸ್ಪಷ್ಟವಾಗಿದೆ. ಕೆರೆದಾಗ ನೋವು ಬೆನ್ನುಹುರಿಯಲ್ಲಿ ತುರಿಕೆಯನ್ನು ತುಸು ಹೊತ್ತು ಒತ್ತಿಹಿಡಿಯುತ್ತದೆ. ಸುಡುನೀರು ಸುರಿದುಕೊಂಡು ಹಾಯೆನ್ನುವವರ ಗುಟ್ಟೂ ಇದೇ. ಅಷ್ಟರಲ್ಲಿ ಗೀರಿದ ಚರ್ಮ ಇನ್ನಷ್ಟು ರಾಸಾಯನಿಕ ಸುರಿಸಿ ನರವನ್ನು ಮತ್ತೆ ಎಬ್ಬಿಸಿರುತ್ತದೆ. ತಿಂಗಳುಗಳ ನಂತರ ಬೆನ್ನುಹುರಿಯೇ ಸೂಕ್ಷ್ಮವಾಗಿ, ಉಣ್ಣೆಯ ಅಂಗಿ ತಾಗಿದರೂ, ಸೀರೆಯ ಅಂಚು ಸೋಕಿದರೂ ತುರಿಕೆ ಎಂದೇ ಓದಿಕೊಳ್ಳುತ್ತದೆ.

ಚರ್ಮದಲ್ಲಿ ಏನೂ ಇಲ್ಲದೆಯೂ ತುರಿಸುವುದುಂಟು. ವಯಸ್ಸು ಐವತ್ತು ದಾಟಿದವರು ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತಾ ನಿಂತಿರುವುದನ್ನು ಕಂಡಿರಬಹುದು. ಹೆಗಲ ಮೂಳೆಯ ಒಳಬದಿಯಲ್ಲಿ ಅಂಗೈಯಗಲ ಜಾಗ, ಕೈಗೆ ಎಟುಕದ ಕಡೆಯೇ. ಬೆನ್ನುಮೂಳೆಯಿಂದ ಹೊರಡುವ ನರ ಅದುಮಿದ್ದರಿಂದ ಆಗುವ ಇದನ್ನು 1934ರಲ್ಲೇ ನೊಟಾಲ್ಜಿಯಾ ಪ್ಯಾರೆಸ್ಥೆಟಿಕಾ ಎಂದು ವರ್ಣಿಸಿದ್ದರು. ಮೂತ್ರಪಿಂಡ ಕೈಕೊಟ್ಟವರದು ಇನ್ನೊಂದು ಬಗೆ. ತಾಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಬಂದ ಮೇಲೆ ರೋಗಿಗಳ ಆಯುಷ್ಯ ಉದ್ದವಾಗಿದೆ, ರಾತ್ರಿಯಿಡೀ ಮೈ ಪರಚಿಕೊಳ್ಳುವವರೂ ನಮ್ಮ ನಡುವೆ ಹೆಚ್ಚಿದ್ದಾರೆ. ಅವಿಲ್ ಅವರನ್ನು ಮಂಕಾಗಿಸುತ್ತದೆ, ತುರಿಕೆಗೆ ಮಾತ್ರ ಹೆಚ್ಚೇನೂ ಮಾಡುವುದಿಲ್ಲ. ಮೂರ್ಛೆ ರೋಗಕ್ಕೆಂದು ಬಂದ ಗ್ಯಾಬಾಪೆಂಟಿನ್, ಅಪ್ಪಟ ನರದ ಮದ್ದು, ಡಯಾಲಿಸಿಸ್ ಮುಗಿದ ಮೇಲೆ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಹಲವರಿಗೆ ನಿದ್ದೆ ಮರಳಿಸುತ್ತದೆ. ಇದೇ ತುರಿಕೆಗೆಂದು ಡೈಫೆಲಿಕೆಫಾಲಿನ್ ಎಂಬ ಚುಚ್ಚುಮದ್ದು 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ.

ಜಾಗ ಚಿಕ್ಕದಿದ್ದರೆ ಖಾರದ ಮುಲಾಮೇ ಇದೆ. ನೂರಕ್ಕೆ 0.025ರಿಂದ 0.075 ಭಾಗ ಕ್ಯಾಪ್ಸೈಸಿನ್ ಇರುವ ಅದನ್ನು ದಿನಕ್ಕೆ ಮೂರು ನಾಲ್ಕು ಸಲ, ವಾರಗಟ್ಟಲೆ ಹಚ್ಚಬೇಕು. ಮೊದಲ ಕೆಲವು ದಿನ ಉರಿ ಖಂಡಿತ. ಯಾಂಚೋನ ಇಲಿಗಳು ಪಟ್ಟ ಪಾಡು ಅದು, ಅದಿಲ್ಲದೆ ನರ ಸುಮ್ಮನಾಗುವುದಿಲ್ಲ. ಈ ಮಾತನ್ನು ಮೊದಲೇ ಹೇಳದ ವೈದ್ಯರ ರೋಗಿಗಳು ಎರಡನೆಯ ದಿನಕ್ಕೇ ಟ್ಯೂಬ್ ಮೂಲೆಗೆ ಎಸೆಯುತ್ತಾರೆ. ಹಚ್ಚಿದ ಕೈಯನ್ನು ಕಣ್ಣಿಗೆ ಒಯ್ಯಬಾರದು, ಬಿಸಿನೀರಿನ ಸ್ನಾನಕ್ಕೆ ಮೊದಲು ಹಚ್ಚಬಾರದು, ಒಡೆದ ಚರ್ಮಕ್ಕೆ ಮುಟ್ಟಿಸಲೇಬಾರದು. ನಿಲ್ಲಿಸಿದರೆ ನರದ ತುದಿಗಳು ಮೆಲ್ಲಗೆ ಮತ್ತೆ ಬೆಳೆಯುತ್ತವೆ. ಅನೇಕರಲ್ಲಿ ತುರಿಕೆಯೂ ಅವುಗಳ ಜೊತೆ ಮರಳುತ್ತದೆ, ಮುಲಾಮನ್ನು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.